ನಾಣ್ಯಕ್ಕೂ ಒಂದು ಊರುಂಟು

ನಮ್ಮ ನಾಡಿನ ಹಳೆಯ ದಾನಶಾಸನಗಳನ್ನು ಓದಿದವರಿಗೆ ಒಂದು ಪದಪಂಕ್ತಿ ಪರಿಚಿತವಾಗಿರುವುದು. ಅರಸನು ಭೂಮಿಯನ್ನು ದಾನವಾಗಿ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಬಗೆಯ ಭೋಗಗಳನ್ನೂ ಅದರೊಡನೆ ಸೇರಿಸಿ ಕೊಡುತ್ತಿದ್ದನು. ಈ ಎಂಟರಲ್ಲಿ ಮೊದಲಿನವೆರಡೂ ನೆಲದೊಳಗೆ ಹುದುಗಿದ ಧನಕ್ಕೆ ಸಂಬಂಧಪಟ್ಟವು. ಮಣ್ಣಿನಡಿಯ ಹಣ ಯಾರದು ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಎಂದೋ ಕೇಳಿ, ಕಲ್ಲಿನ ಮೇಲೆ ಉತ್ತರವನ್ನೂ ಬರೆಯಿಸಿದ್ದರು. ಆ ಹಣ ನಮಗೆ ಏನನ್ನು ಹೇಳುತ್ತದೆ ಎಂಬ ಪ್ರಶ್ನೆ ಮಾತ್ರ ಈಚಿನದು. ಈ ಲೇಖನದಲ್ಲಿ ನಾವು ವಿಚಾರ ಮಾಡಬೇಕೆಂದಿರುವುದು ಇದನ್ನೇ.

ಇದಕ್ಕೆ ಕಾರಣವೂ ಉಂಟು. ರೈಲು ನಿಲ್ದಾಣಗಳ ಬಾಗಿಲಲ್ಲಿ ನಾವು ದಿನವೂ ಕಾಣುವ ಲೋಹಶೋಧಕ ಯಂತ್ರ ಈಗ ಕೈಯಲ್ಲಿ ಹಿಡಿದು ಹೊಲದಲ್ಲಿ ನಡೆಯುವ ಕೋಲಿನ ರೂಪದಲ್ಲಿಯೂ ದೊರೆಯುತ್ತದೆ. ಪರದೇಶದ ಹವ್ಯಾಸಿಗಳು ಅದನ್ನು ಬೀಸುತ್ತ ಹೋಗಿ, ಯಂತ್ರ ಕೂಗಿದೆಡೆ ಅಗೆದು, ವಸಾಹತು ಕಾಲದ ಬೆಳ್ಳಿಯ ನಾಣ್ಯವನ್ನೋ ಸೈನಿಕನ ಅಂಗಿಯ ಗುಂಡಿಯನ್ನೋ ಹೊರತೆಗೆಯುವ ಚಿತ್ರಗಳನ್ನು ನಮ್ಮ ವಿದ್ಯಾರ್ಥಿಗಳು ಫೋನಿನಲ್ಲಿ ನೋಡುವರು. ನೋಡಿ, ನಮ್ಮೂರಿನ ಹೊಲದಲ್ಲಿಯೂ ಹೀಗೆ ಸಿಗಬಹುದೇ ಎಂದು ಕೇಳುವರು. ಸಿಗಬಹುದು ಎಂಬುದೇ ಸತ್ಯವಾದ ಉತ್ತರ. ಆದುದರಿಂದಲೇ, ಸಿಕ್ಕಾಗ ಏನು ಮಾಡಬೇಕೆಂಬುದನ್ನು ಮೊದಲೇ ತಿಳಿದಿರುವುದು ಲೇಸು.

ಯಂತ್ರದ ಗುಟ್ಟು ಪ್ರೌಢಶಾಲೆಯ ವಿಜ್ಞಾನವನ್ನು ಓದಿದವರಿಗೆ ನಿಲುಕದ್ದೇನಲ್ಲ. ಕೋಲಿನ ತುದಿಯಲ್ಲಿರುವ ತಂತಿಯ ಸುರುಳಿಯಲ್ಲಿ ಪರ್ಯಾಯ ವಿದ್ಯುತ್ಪ್ರವಾಹ ಹರಿದು, ಅದರ ಸುತ್ತ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರ ಉಂಟಾಗುವುದು. ಅದರೊಳಗೆ ಲೋಹವಿದ್ದರೆ ಆ ಲೋಹದಲ್ಲಿಯೂ ಸಣ್ಣ ಸುಳಿಪ್ರವಾಹಗಳೆದ್ದು, ಅವು ತಮ್ಮದೇ ಆದ ಕ್ಷೇತ್ರವನ್ನು ಹುಟ್ಟಿಸುವುವು. ಯಂತ್ರ ಅದನ್ನು ಗುರುತಿಸಿ ಧ್ವನಿ ಮಾಡುವುದು. ೧೮೮೧ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ಮೈಯಲ್ಲಿ ಹೊಕ್ಕ ಗುಂಡನ್ನು ಪತ್ತೆಹಚ್ಚಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ಇಂಥದೇ ಉಪಕರಣವನ್ನು ಬಳಸಿದ್ದರು. ಅದು ಸಫಲವಾಗಲಿಲ್ಲ, ಅಧ್ಯಕ್ಷರು ಉಳಿಯಲಿಲ್ಲ. ಮುಂದೆ ಎರಡನೆಯ ಮಹಾಯುದ್ಧದಲ್ಲಿ ನೆಲದೊಳಗೆ ಹೂತಿಟ್ಟ ಸಿಡಿಗುಂಡುಗಳನ್ನು ಹುಡುಕಲು ಈ ವಿದ್ಯೆ ನೆರವಾಯಿತು. ಜೀವ ಉಳಿಸಲು ಬೆಳೆದ ಸಾಧನ, ಯುದ್ಧ ಮುಗಿದ ಮೇಲೆ ಬಿಡುವಿನ ವೇಳೆಯ ವಿನೋದವೂ ಆಯಿತು.

ಈ ವಿನೋದ ಹುಲುಸಾಗಿ ಬೆಳೆದ ದೇಶಗಳಲ್ಲಿ ಅಮೆರಿಕವೂ ಒಂದು. ಅಲ್ಲಿಯ ಪೂರ್ವತೀರದ ಹೊಲಗಳಲ್ಲಿ ಜಾರ್ಜ್ ದೊರೆಗಳ ತಾಮ್ರದ ಕಾಸುಗಳು, ಸ್ಪೇನಿನ ಬೆಳ್ಳಿಯ ನಾಣ್ಯಗಳು, ಸೀಸದ ಗುಂಡುಗಳು, ಪಾದರಕ್ಷೆಯ ಬಕಲುಗಳು ದೊರೆಯುವುವು. ಇಂಗ್ಲಿಷರ ವಸಾಹತಿನಲ್ಲಿ ಸ್ಪೇನಿನ ನಾಣ್ಯವೇಕೆ ಎಂದು ಕೇಳಬಹುದು. ವಸಾಹತಿನ ಜನಕ್ಕೆ ಚಿಲ್ಲರೆ ಹಣದ ಬರ ಸದಾ ಇತ್ತು. ಅದರಿಂದ ಮೆಕ್ಸಿಕೋ, ಪೆರು ದೇಶಗಳ ಗಣಿಯ ಬೆಳ್ಳಿಯಿಂದಾದ ಸ್ಪೇನಿನ ನಾಣ್ಯವನ್ನೇ, ಕೆಲವೊಮ್ಮೆ ತುಂಡು ತುಂಡಾಗಿ ಕತ್ತರಿಸಿ, ಅವರು ಬಳಸಿದರು. ೧೮೫೭ರವರೆಗೂ ಅದು ಅಮೆರಿಕದಲ್ಲಿ ಕಾನೂನುಬದ್ಧವಾಗಿ ಸಲ್ಲುತ್ತಿತ್ತು. ಮಸಾಚುಸೆಟ್ಸ್ ವಸಾಹತಿನವರು ೧೬೫೨ರಲ್ಲಿ ಬಾಸ್ಟನ್ನಿನಲ್ಲಿ ತಮ್ಮದೇ ಟಂಕಸಾಲೆಯನ್ನು ತೆರೆದು ಬೆಳ್ಳಿಯ ಷಿಲಿಂಗುಗಳನ್ನು ಅಚ್ಚು ಹಾಕಿದರು. ವಿಚಿತ್ರವೆಂದರೆ, ಸುಮಾರು ಮೂವತ್ತು ವರ್ಷ ಅಚ್ಚಾದ ಈ ನಾಣ್ಯಗಳ ಪೈಕಿ ಬಹುತೇಕ ಎಲ್ಲವೂ ೧೬೫೨ ಎಂಬ ಒಂದೇ ಇಸವಿಯನ್ನು ಹೊತ್ತಿವೆ. ಹೀಗಿರಲು ನಾಣ್ಯದ ಮುಖವನ್ನೊಂದೇ ನೋಡಿ ಕಾಲವನ್ನು ಹೇಳುವುದೆಂತು? ಅದು ಯಾವ ಮನೆಯ ತಳಪಾಯದಲ್ಲಿ, ಎಷ್ಟು ಆಳದಲ್ಲಿ, ಯಾವ ಮಡಕೆಯ ಚೂರಿನ ಜೊತೆಗೆ ಸಿಕ್ಕಿತೆಂಬುದು ಗೊತ್ತಿದ್ದರೆ, ನಾಣ್ಯ ಮುಚ್ಚಿಟ್ಟ ಮಾತನ್ನು ನೆಲ ಬಿಚ್ಚಿ ಹೇಳೀತು.

ನಮ್ಮ ದೇಶಕ್ಕೆ ನೇರವಾಗಿ ಸಂಬಂಧಪಟ್ಟ ಒಂದು ನಿದರ್ಶನವನ್ನು ನೋಡೋಣ. ೨೦೧೪ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಮಿಡಲ್‌ಟೌನಿನ ಒಂದು ಹಣ್ಣಿನ ತೋಟದಲ್ಲಿ ಹವ್ಯಾಸಿ ಶೋಧಕರೊಬ್ಬರಿಗೆ ಸಣ್ಣದೊಂದು ಬೆಳ್ಳಿಯ ನಾಣ್ಯ ಸಿಕ್ಕಿತು. ಮೇಲಿದ್ದ ಲಿಪಿ ಅರಬ್ಬೀ. ಅಚ್ಚಾದುದು ಯೆಮನ್ ದೇಶದಲ್ಲಿ, ೧೬೯೩ರಲ್ಲಿ. ಅದು ಅಟ್ಲಾಂಟಿಕ್ ಸಾಗರದಾಚೆಯ ತೋಟಕ್ಕೆ ಬಂದುದು ಹೇಗೆ? ೧೬೯೫ರ ಸೆಪ್ಟೆಂಬರಿನಲ್ಲಿ ಹೆನ್ರಿ ಎವೆರಿ ಎಂಬ ಇಂಗ್ಲಿಷ್ ಕಡಲ್ಗಳ್ಳನು, ಮಕ್ಕಾ ಯಾತ್ರಿಕರನ್ನು ಹೊತ್ತು ಸೂರತ್ತಿಗೆ ಮರಳುತ್ತಿದ್ದ ಔರಂಗಜೇಬನ ‘ಗಂಜ್-ಇ-ಸವಾಯಿ’ ಎಂಬ ಹಡಗನ್ನು ಸುಲಿಗೆ ಮಾಡಿದನು. ಯಾತ್ರಿಕರನ್ನು ಹಿಂಸಿಸಿದರು, ಹೆಂಗಸರ ಮಾನಭಂಗ ಮಾಡಿದರು. ಕೆರಳಿದ ಮೊಗಲ ಆಡಳಿತ ಸೂರತ್ತಿನ ಇಂಗ್ಲಿಷ್ ವರ್ತಕರನ್ನು ಸೆರೆಯಲ್ಲಿಟ್ಟಿತು. ಎವೆರಿಯ ಸಂಗಡಿಗರಲ್ಲಿ ಕೆಲವರು ಲಂಡನ್ನಿನಲ್ಲಿ ಗಲ್ಲಿಗೇರಿದರು. ಎವೆರಿ ಮಾತ್ರ ಯಾರ ಕೈಗೂ ಸಿಕ್ಕಲಿಲ್ಲ. ತೋಟದ ನಾಣ್ಯ ಆ ಕೊಳ್ಳೆಯ ಪಾಲಿರಬೇಕೆಂದು ಶೋಧಕರು ವಾದಿಸಿರುವರು. ಅದೇ ಕಾಲದ ಅರಬ್ಬೀ ನಾಣ್ಯಗಳು ಸುತ್ತಣ ರಾಜ್ಯಗಳಲ್ಲಿ ಹತ್ತಕ್ಕೂ ಮಿಕ್ಕಿ ದೊರೆತಿರುವುದು ಈ ವಾದಕ್ಕೆ ಬಲವಾಗಿದೆ.

ಇಲ್ಲಿ ಒಂದು ವಿಷಯವನ್ನು ವಿದ್ಯಾರ್ಥಿಗಳು ಚೆನ್ನಾಗಿ ಗಮನಿಸಬೇಕು. ಈ ನಾಣ್ಯ ಯೆಮನ್ನಿನ ಪೇಟೆಯಲ್ಲಿ ಸಿಕ್ಕಿದ್ದರೆ ಅದರಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ಮಿಡಲ್‌ಟೌನಿನ ತೋಟದಲ್ಲಿ ಸಿಕ್ಕಿತೆಂಬ ಒಂದೇ ಸಂಗತಿ ಅದನ್ನು ಮುನ್ನೂರು ವರ್ಷ ಹಿಂದಿನ ಅಪರಾಧದ ಸಾಕ್ಷಿಯನ್ನಾಗಿ ಮಾಡಿತು. ಸಿಕ್ಕಿದವರು ಜಾಗದ ಗುರುತಿಡದೆ ವ್ಯಾಪಾರಿಗೆ ಮಾರಿಬಿಟ್ಟಿದ್ದರೆ ಬೆಳ್ಳಿಯೇನೋ ಉಳಿಯುತ್ತಿತ್ತು, ಸಾಕ್ಷ್ಯ ಅಳಿದುಹೋಗುತ್ತಿತ್ತು.

ಅಮೆರಿಕದಲ್ಲಿಯೇ ಲಿಟಲ್ ಬಿಗ್‌ಹಾರ್ನ್ ಎಂಬ ರಣಭೂಮಿಯುಂಟು. ೧೮೭೬ರಲ್ಲಿ ಅಲ್ಲಿ ಮೂಲನಿವಾಸಿಗಳು ಕಸ್ಟರನ ಸೈನ್ಯವನ್ನು ಸೋಲಿಸಿದರು. ೧೯೮೩ರಲ್ಲಿ ಕಾಡುಗಿಚ್ಚಿನಿಂದ ಆ ಬಯಲಿನ ಹುಲ್ಲು ಸುಟ್ಟು ನೆಲ ಬರಿದಾದ ಮೇಲೆ, ಮರುವರ್ಷ ಪುರಾತತ್ವಜ್ಞರು ಲೋಹಶೋಧಕಗಳನ್ನು ಹಿಡಿದ ಹವ್ಯಾಸಿಗಳನ್ನೇ ಜೊತೆಗೆ ಕರೆದುಕೊಂಡು ಸಾಲಾಗಿ ನಡೆದರು. ಯಂತ್ರ ಕೂಗಿದಲ್ಲೆಲ್ಲ ಒಂದೊಂದು ಬಾವುಟವನ್ನು ನೆಟ್ಟು, ಪ್ರತಿಯೊಂದು ಗುಂಡಿನ, ತೋಟಾದ ಖಾಲಿ ಕೋಶದ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿದರು. ಕೋಶಗಳ ಮೇಲಿನ ಗುರುತುಗಳನ್ನು ಹೋಲಿಸಿ ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಸಾಗಿತೆಂಬುದನ್ನು ಕಂಡುಹಿಡಿದರು. ಸೋತವರ ಕಡೆಯ ಬರಹಗಳೇ ತುಂಬಿದ್ದ ಚರಿತ್ರೆಯಲ್ಲಿ, ಗೆದ್ದ ಮೂಲನಿವಾಸಿಗಳು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ವೃತ್ತಾಂತಕ್ಕೂ ಆಧಾರ ದೊರೆಯಿತು. ಒಂದೊಂದು ಕೋಶಕ್ಕೆ ಪೇಟೆಯಲ್ಲಿ ಬೆಲೆಯೆಷ್ಟಿದ್ದೀತು? ಅವು ಬಿದ್ದಿದ್ದ ಜಾಗವೇ ಅವುಗಳ ಬೆಲೆ. ಯಂತ್ರವೂ ಅದೇ, ಹವ್ಯಾಸಿಗಳೂ ಅವರೇ. ನಡೆಯುವ ರೀತಿ ಬೇರೆಯಾಯಿತು, ಅಷ್ಟೆ.

ಇದಕ್ಕೆ ಎದುರಾಗಿ ಒಂದು ವಾದವನ್ನು ಹೂಡುವವರಿರುವರು. ನೆಲದಲ್ಲಿಯೇ ಬಿಟ್ಟರೆ ನೇಗಿಲು ತಾಗಿ, ಗೊಬ್ಬರದ ಕ್ಷಾರ ತಗುಲಿ ಲೋಹ ನಾಶವಾಗುವುದು. ಕಟ್ಟಡದ ಪಾಯದಡಿ ಸಿಕ್ಕಿ ಮುಚ್ಚಿಹೋಗುವುದು. ವಿದ್ವಾಂಸರು ಎಲ್ಲ ಹೊಲಗಳನ್ನೂ ಅಗೆಯಲಾರರು. ಅದರಿಂದ ಹವ್ಯಾಸಿಗಳು ಹುಡುಕುವುದೇ ಉಪಕಾರ ಎಂಬುದು ಆ ವಾದ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಹುಡುಕಿದವನು ಹೇಳಿದರೆ ಮಾತ್ರ ಅದು ಉಪಕಾರ. ೧೯೯೨ರಲ್ಲಿ ಇಂಗ್ಲೆಂಡಿನ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಸುತ್ತಿಗೆ ಕಳೆದುಹೋಗಿ, ಅದನ್ನು ಹುಡುಕಲು ಅವನ ಸ್ನೇಹಿತನು ಲೋಹಶೋಧಕವನ್ನು ಹಿಡಿದು ಹೊಲಕ್ಕಿಳಿದನು. ಸಿಕ್ಕಿದುದು ರೋಮನ್ ಕಾಲದ ಹೊನ್ನು ಬೆಳ್ಳಿಗಳ ರಾಶಿ; ನಾಣ್ಯಗಳೇ ಸುಮಾರು ಹದಿನೈದು ಸಾವಿರ. ಆತನು ಪೂರ್ತಿ ಅಗೆಯದೆ ನಿಲ್ಲಿಸಿ ವರದಿ ಮಾಡಿದನು. ಅದರಿಂದಲೇ ಆ ಧನವನ್ನು ಮರದ ಪೆಟ್ಟಿಗೆಯಲ್ಲಿ, ಒಳಗೆ ಸಣ್ಣ ಸಂಪುಟಗಳಲ್ಲಿ ಹೇಗೆ ಜೋಡಿಸಿಟ್ಟಿದ್ದರೆಂಬುದನ್ನು ತಜ್ಞರು ತಿಳಿಯಲು ಸಾಧ್ಯವಾಯಿತು. ನಿಧಿ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು. ಕಳೆದಿದ್ದ ಸುತ್ತಿಗೆಯೂ ಸಿಕ್ಕಿ ಅದೇ ಮ್ಯೂಸಿಯಮ್ಮಿಗೆ ಹೋಯಿತು!

ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ೧೯೯೬ರ ಕಾಯಿದೆಯಂತೆ ನಿಧಿಯನ್ನು ಕಂಡವನು ಹದಿನಾಲ್ಕು ದಿನಗಳೊಳಗೆ ತಿಳಿಸಬೇಕು. ಕಾಯಿದೆಯ ವ್ಯಾಪ್ತಿಗೆ ಬಾರದ ಸಣ್ಣ ವಸ್ತುಗಳಿಗಾಗಿ ೧೯೯೭ರಲ್ಲಿ ಬೇರೊಂದು ವ್ಯವಸ್ಥೆ ಹುಟ್ಟಿತು. ಪ್ರಾಂತಪ್ರಾಂತಕ್ಕೂ ಒಬ್ಬ ಅಧಿಕಾರಿಯಿದ್ದು, ಜನ ತಂದು ತೋರಿಸಿದ ವಸ್ತುವನ್ನೂ ಅದು ಸಿಕ್ಕ ಜಾಗವನ್ನೂ ದಾಖಲೆ ಮಾಡಿಕೊಂಡು, ವಸ್ತುವನ್ನು ಹಿಂದಕ್ಕೆ ಕೊಡುವನು. ಹೀಗೆ ದಾಖಲಾದ ವಸ್ತುಗಳು ಹದಿನೈದು ಲಕ್ಷಕ್ಕೂ ಮಿಕ್ಕಿವೆ. ಅಲ್ಲಿಯೂ ರಾತ್ರಿ ಹೊತ್ತು ಕದ್ದು ಅಗೆಯುವವರಿರುವರು. ಆದರೆ ಪ್ರಾಮಾಣಿಕನಿಗೆ ಹೋಗಲು ಒಂದು ಬಾಗಿಲುಂಟು.

ಈಗ ನಮ್ಮ ದೇಶದ ಕಡೆಗೆ ನೋಡೋಣ. ೧೮೭೮ರ ನಿಧಿ ಕಾಯಿದೆ ಬ್ರಿಟಿಷರು ಮಾಡಿದುದು. ಹತ್ತು ರೂಪಾಯಿಗೆ ಮಿಕ್ಕಿದ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆಂದೂ, ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ ಆಗಬಹುದೆಂದೂ ಅದು ವಿಧಿಸಿತು. ಕರ್ನಾಟಕಕ್ಕೆ ೧೯೬೨ರ ಪ್ರತ್ಯೇಕ ಕಾಯಿದೆಯುಂಟು. ೧೯೭೨ರ ಕಾಯಿದೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವನ್ನು ಪುರಾವಸ್ತುವೆಂದು ಪರಿಗಣಿಸುವುದು. ಸಂರಕ್ಷಿತ ಸ್ಮಾರಕಗಳ ನೆಲವನ್ನು ಅನುಮತಿಯಿಲ್ಲದೆ ಅಗೆಯುವುದಂತೂ ಅಪರಾಧ. ಕಾಯಿದೆಗಳಿಗೆ ಕೊರತೆಯಿಲ್ಲ. ಆದರೂ ನಿಧಿಗಳ್ಳರು ಪಾಳುಗುಡಿಗಳ ಗರ್ಭಗೃಹವನ್ನು ಅಗೆಯುವುದು, ಲಿಂಗವನ್ನು ಕಿತ್ತೊಗೆಯುವುದು, ವೀರಗಲ್ಲುಗಳನ್ನು ಉರುಳಿಸುವುದು ನಿಂತಿಲ್ಲ. ಹಿಂದೆ ಅಂಜನ ಹಾಕಿ ನೋಡುವವನ ಮಾತನ್ನು ನಂಬಿ ಅಗೆಯುತ್ತಿದ್ದವರ ಕೈಗೆ ಈಗ ಯಂತ್ರ ಬಂದಿದೆ. ಇನ್ನೊಂದು ಕಡೆ, ಹೊಲ ಉಳುವಾಗ ನಾಲ್ಕು ಹಳೆಯ ಕಾಸು ಕಂಡ ಬಡ ರೈತನು ಕಚೇರಿಗೆ ಅಲೆಯುವ ಅಂಜಿಕೆಯಿಂದ ಬಾಯಿ ಬಿಡದೆ, ಅವನ್ನು ಕರಗಿಸುವವನಿಗೋ ಮಾರುವವನಿಗೋ ಕೊಟ್ಟುಬಿಡುವನು. ನಮ್ಮ ಕಾಯಿದೆ ಹೆದರಿಸುತ್ತದೆ. ಬಾ ಎಂದು ಕರೆಯುವುದಿಲ್ಲ. ತಾಲ್ಲೂಕಿಗೊಬ್ಬ ಅಧಿಕಾರಿಯಿದ್ದು, ತಂದವನನ್ನು ಕಳ್ಳನಂತೆ ಕಾಣದೆ, ಕುಳ್ಳಿರಿಸಿ ಕೇಳಿ ಬರೆದುಕೊಳ್ಳುವ ಏರ್ಪಾಡಾಗಬೇಕೆಂಬುದು ನಮ್ಮ ಅಭಿಪ್ರಾಯ. ದಂಡನೆ ನಿಧಿಗಳ್ಳನಿಗಿರಲಿ, ತಿಳಿಸಿದವನಿಗೆ ಮರ್ಯಾದೆ ಸಲ್ಲಲಿ.

ಹೊನ್ನಿನ ಕಣ್ಣಿಗೆ ಬೀಳದ ಸಂಪತ್ತು ನಮ್ಮ ನೆಲದಲ್ಲಿ ಎಷ್ಟಿದೆಯೆಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ನಗರವೇ ಸಾಕ್ಷಿ. ಹಿಂದೆ ಬಿದನೂರೆಂದು ಹೆಸರಾಗಿದ್ದ ಆ ಊರಿನ ಹಾಳುಬಾವಿಯೊಂದರಲ್ಲಿ ೨೦೧೮ರಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಅಗೆದಾಗ ಟಿಪ್ಪುವಿನ ಕಾಲದವೆನ್ನಲಾದ ಕಬ್ಬಿಣದ ರಾಕೆಟ್ಟುಗಳು ಸಾವಿರಕ್ಕೂ ಮಿಕ್ಕಿ ದೊರೆತವು. ಇಂಗ್ಲಿಷರ ಸೈನ್ಯವನ್ನು ಬೆದರಿಸಿದ, ಮುಂದೆ ಇಂಗ್ಲೆಂಡಿನಲ್ಲಿ ಕಾಂಗ್ರೀವನು ರೂಪಿಸಿದ ರಾಕೆಟ್ಟುಗಳಿಗೆ ಪ್ರೇರಣೆಯಾದ ಆಯುಧವದು. ಯಂತ್ರ ಹಿಡಿದ ನಿಧಿಶೋಧಕನು ಬೆಳ್ಳಿಬಂಗಾರದ ಆಸೆಯಿಂದ ಕಬ್ಬಿಣದ ಸದ್ದನ್ನು ಕೇಳದಂತೆ ಯಂತ್ರವನ್ನು ಹೊಂದಿಸಿಕೊಳ್ಳುವನು. ಅಂಥವನ ಕೈಗೆ ಆ ಬಾವಿ ಮೊದಲು ಸಿಕ್ಕಿದ್ದರೆ ಮೈಸೂರಿನ ರಾಕೆಟ್ಟುಗಳು ಗುಜರಿಯ ಪಾಲಾಗುತ್ತಿದ್ದವು.

ಊರು ಬಿಟ್ಟು ಈ ಮುಂಬಯಿಗೆ ಬಂದು ನೆಲೆಸಿದ ನಮಗೆ ಇದರಲ್ಲಿ ಮಾಡಬೇಕಾದುದೇನೆಂದು ಪಾಲಕರು ಕೇಳಬಹುದು. ನಮ್ಮಲ್ಲಿ ಅನೇಕರ ಮನೆಯ ಟ್ರಂಕಿನಲ್ಲಿ, ಲಕ್ಷ್ಮೀಪೂಜೆಯ ತಟ್ಟೆಯಲ್ಲಿ, ಅಜ್ಜಿಯ ಸರದಲ್ಲಿ ರಾಣಿ ವಿಕ್ಟೋರಿಯಾಳ ಬೆಳ್ಳಿ ರೂಪಾಯಿಗಳೂ ಜಾರ್ಜ್ ದೊರೆಯ ಪಾವಲಿಗಳೂ ಉಂಟು. ಒಂದು ತೊಲ ತೂಕದ ಆ ರೂಪಾಯಿಗಳಲ್ಲಿ ಎಷ್ಟೋ ಈ ಊರಿನ ಟಂಕಸಾಲೆಯಲ್ಲಿಯೇ ಅಚ್ಚಾಗಿ, ಧಾರವಾಡ, ಬಿಜಾಪುರ, ಬೆಳಗಾವಿಗಳ ಸಂತೆಗಳನ್ನು ಸುತ್ತಿ, ವಲಸೆ ಬಂದವರ ಗಂಟಿನಲ್ಲಿ ಮತ್ತೆ ಇಲ್ಲಿಗೇ ಬಂದಿರಬೇಕು. ಅವುಗಳ ಬೆಳ್ಳಿಯ ಬೆಲೆಯನ್ನು ಅಕ್ಕಸಾಲಿಗನು ಹೇಳಬಲ್ಲನು. ಅವು ಯಾರ ದುಡಿಮೆಯವು, ಯಾವ ಹೊಲ ಮಾರಿದಾಗ ಬಂದವು, ಯಾರ ಮದುವೆಯಲ್ಲಿ ಸರಕ್ಕೇರಿದವು ಎಂಬುದನ್ನು ಮನೆಯ ಹಿರಿಯರು ಮಾತ್ರ ಬಲ್ಲರು. ಅವರೊಡನೆ ಆ ಮಾತೂ ಹೋದರೆ, ಜಾಗ ಮರೆತು ಅಗೆದ ನಾಣ್ಯಕ್ಕೂ ಇದಕ್ಕೂ ವ್ಯತ್ಯಾಸವೇನು?

ಆದುದರಿಂದ ವಿದ್ಯಾರ್ಥಿಮಿತ್ರರಿಗೆ ನಮ್ಮ ಸೂಚನೆ ಇಷ್ಟು. ಈ ರಜೆಯಲ್ಲಿ ಮನೆಯ ಹಳೆಯ ನಾಣ್ಯಗಳ ಇಸವಿ, ಲೋಹ, ಅವು ಬಂದ ಊರು, ಹಿರಿಯರು ಹೇಳಿದ ಮಾತು ಇವನ್ನು ಒಂದು ವಹಿಯಲ್ಲಿ ಬರೆದು ತನ್ನಿರಿ. ನಾಣ್ಯಗಳು ಮನೆಯಲ್ಲಿಯೇ ಇರಲಿ. ಶಾಲೆಯಲ್ಲಿ ಇಂಥ ವಹಿಯೊಂದು ಬೆಳೆಯಲಿ. ಊರಿಗೆ ಹೋದಾಗ ಹೊಲದಲ್ಲಿಯೋ ಕೋಟೆಯ ಬಳಿಯೋ ಏನಾದರೂ ಕಂಡರೆ ಕೆದಕದಿರಿ, ತೊಳೆದು ಉಜ್ಜದಿರಿ. ಜಾಗವನ್ನು ಗುರುತಿಟ್ಟು ಹಿರಿಯರಿಗೆ ಹೇಳಿ, ಅವರ ಮೂಲಕ ಸರಕಾರಕ್ಕೆ ತಿಳಿಸಿರಿ. ಈ ದೊಡ್ಡ ನಗರದಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದೊಡನೆ ನಾವು ಒಬ್ಬರನ್ನೊಬ್ಬರು ಮೊದಲು ಕೇಳುವುದು “ಯಾವೂರಿನವರು?” ಎಂದು. ಆ ಪ್ರಶ್ನೆಗೆ ಉತ್ತರ ದೊರೆತ ಮೇಲೆಯೇ ಉಳಿದ ಮಾತು ಸಾಗುವುದು. ನೆಲದಿಂದೆದ್ದ ನಾಣ್ಯವನ್ನೂ ನಾವು ಕೇಳಬೇಕಾದ ಮೊದಲ ಪ್ರಶ್ನೆ ಅದೇ.