ಗಾಜಿನ ಪೆಟ್ಟಿಗೆಯೊಳಗಿನ ಬೇಸಿಗೆ

ದೇವರಾಜ ಅರಸು ಬಡಾವಣೆಯ ನೆರೆಹೊರೆಯವರೇ, ನಿಮ್ಮಲ್ಲಿ ಯಾರ ಮನೆಯ ಟಿ.ವಿ. ಸ್ಟ್ಯಾಂಡಿನ ಮೇಲಾದರೂ ಒಂದು ಗಾಜಿನ ಪೆಟ್ಟಿಗೆ ಇದೆಯೇ? ಅದರೊಳಗೆ ಬಣ್ಣ ಬಳಿದ ಶಂಖವೊಂದು ಕೂತಿದೆಯೇ? ಶಂಖದೊಳಗಿನ ಏಡಿ ಮೂರು ದಿನದಿಂದ ಅಲ್ಲಾಡಿಲ್ಲವೇ? ಹಾಗಿದ್ದರೆ ಈ ಪತ್ರಿಕೆಯನ್ನು ಮಡಿಸಿಟ್ಟು ಮೊದಲು ಹೋಗಿ ಆ ಪೆಟ್ಟಿಗೆಯ ಮುಚ್ಚಳ ನೋಡಿ. ಜಾಲರಿಯ ಮುಚ್ಚಳವಾಗಿದ್ದರೆ, ಅಂಚಿನಲ್ಲಿ ಬೆರಳಗಲ ಬಿಟ್ಟು ಮಿಕ್ಕದ್ದಕ್ಕೆ ಗಾಜಿನ ತುಂಡನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿ ಬನ್ನಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

ಇಷ್ಟು ಅವಸರ ಯಾಕೆಂದರೆ, ಅದು ನಿದ್ದೆ ಮಾಡುತ್ತಿರಲಾರದು. "ಭಾರಿ ಶಾಂತ ಸ್ವಭಾವದ್ದು" ಎಂದು ಮಾರಿದವರು ಹೇಳಿದ್ದು ನಿಜವಲ್ಲ. ಅದಕ್ಕೆ ಉಸಿರಾಡಲು ಆಗುತ್ತಿಲ್ಲ. ನೆಲದ ಮೇಲೆ ಬದುಕುವ ಸನ್ಯಾಸಿ ಏಡಿಗೆ ನಮ್ಮ ಹಾಗೆ ಶ್ವಾಸಕೋಶವಿಲ್ಲ. ಕಡಲು ಬಿಟ್ಟು ದಡ ಹತ್ತಿದ ಮೇಲೂ ಅದು ಕಿವಿರನ್ನೇ ನಂಬಿಕೊಂಡಿದೆ. ಮೀನಿನಂತೆ ಸದಾ ನೀರಿನಲ್ಲಿ ಮುಳುಗಿರಬೇಕಾಗಿಲ್ಲ, ಆದರೆ ಆ ಕಿವಿರು ಒದ್ದೆಯಾಗಿರಲೇಬೇಕು. ಸುತ್ತಲಿನ ಗಾಳಿಯಲ್ಲಿ ಶೇ 80ರ ಆಸುಪಾಸು ತೇವಾಂಶವಿದ್ದರೆ ಅದಕ್ಕೆ ಸುಖ. 70ಕ್ಕಿಂತ ಕೆಳಗೆ ಬಹಳ ದಿನ ಉಳಿದರೆ ಕಿವಿರು ಒಣಗಿ ಕೆಡುತ್ತದೆ. ಕೆಟ್ಟ ಕಿವಿರು ಒಂದೇ ದಿನಕ್ಕೆ ಕೊಲ್ಲುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆದಾಡಿಸುತ್ತದೆ. ಆರನೆಯ ತಿಂಗಳು ಸತ್ತಾಗ ನಾವು "ಪಾಪ, ಅದರ ಆಯುಸ್ಸೇ ಅಷ್ಟು" ಎಂದು ಕಸದ ಗಾಡಿಗೆ ಹಾಕುತ್ತೇವೆ. ತನ್ನ ತೀರದಲ್ಲಿ ಬಿಟ್ಟಿದ್ದರೆ ಮೂವತ್ತು ವರ್ಷ ಬಾಳಬಲ್ಲ ಜೀವ ಅದು.

ಈ ಮಾತನ್ನು ಆಡುತ್ತಿರುವ ನಾನೇನೂ ಸಾಚಾ ಅಲ್ಲ. ಕಳೆದ ಏಪ್ರಿಲ್‌ನಲ್ಲಿ ಅಣ್ಣನ ಮೊಮ್ಮಗಳು ರಜೆಗೆ ಬರುವಾಗ ಒಂದು ಪುಟ್ಟ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಎರಡು ಏಡಿ ತಂದಳು. ಬೇರೆ ಊರಿನ ಅಂಗಡಿಯೊಂದರಲ್ಲಿ ಕೊಂಡದ್ದು. ತೊಟ್ಟಿಯ ತಳಕ್ಕೆ ಬೆರಳುದ್ದವೂ ಇಲ್ಲದ ಬಣ್ಣದ ಜಲ್ಲಿ, ಮೂಲೆಯಲ್ಲಿ ಒಂದು ತುಂಡು ಸ್ಪಂಜು. "ದಿನಾ ಸ್ಪಂಜು ಒದ್ದೆ ಮಾಡಿದ್ರೆ ಸಾಕಂತೆ ಚಿಕ್ಕಜ್ಜ" ಅಂದಳು. ನಾನೂ ಹೂಂ ಅಂದೆ. ಎಂಟನೇ ದಿನಕ್ಕೆ ಒಂದು ಸತ್ತಿತು. ಅದು ಸತ್ತದ್ದು ಗೊತ್ತಾದದ್ದೂ ವಾಸನೆಯಿಂದ. ನಾಯಿಯಾಗಿದ್ದರೆ ಕುಂಯ್‌ಗುಡುತ್ತಿತ್ತು, ಬೆಕ್ಕಾಗಿದ್ದರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಇದು ನಮ್ಮ ಕಣ್ಣೆದುರೇ, ಫ್ಯಾನಿನ ಕೆಳಗೆ, ಸದ್ದಿಲ್ಲದೆ ಒಣಗಿ ಹೋಗಿತ್ತು.

ನಮ್ಮ ಊರಿನ ಗಾಳಿ ಎಂಥದ್ದೆಂದು ನಮಗೆ ಗೊತ್ತಿಲ್ಲದೇನಲ್ಲ. ವರ್ಷಕ್ಕೆ ಆರುನೂರು ಚಿಲ್ಲರೆ ಮಿಲಿಮೀಟರ್ ಮಳೆ ಕಾಣುವ ಬಯಲುಸೀಮೆ ಇದು. ಮಳೆಗಾಲದಲ್ಲಿ ಮಂಡಕ್ಕಿ ಡಬ್ಬದ ಮುಚ್ಚಳ ಗಟ್ಟಿ ಹಾಕದಿದ್ದರೆ ಸಂಜೆಗೆಲ್ಲ ಮೆತ್ತಗಾಗಿರುತ್ತದೆ. ಮಾರ್ಚ್‌ನಲ್ಲಿ ತೆರೆದಿಟ್ಟರೂ ಎರಡು ದಿನ ಗರಿಗರಿ. ದಾವಣಗೆರೆಯವರಿಗೆ ಇದಕ್ಕಿಂತ ಒಳ್ಳೆಯ ಮಾಪಕ ಬೇಕೇ? ಮಂಡಕ್ಕಿ ಗರಿಗರಿಯಾಗಿರುವ ದಿನ ಏಡಿಗೆ ಕೆಟ್ಟ ದಿನ, ಅಷ್ಟೇ ಲೆಕ್ಕ. ಆ ಏಡಿ ಸತ್ತ ಮೇಲೆ ತರಿಸಿದ ತೇವಾಂಶ ಮಾಪಕ ನಮ್ಮ ಹಜಾರದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ತೋರಿಸಿದ್ದು 27. ಎಂಬತ್ತು ಬೇಕಾದ ಕಡೆ ಇಪ್ಪತ್ತೇಳು!

ಆ ಸಂಖ್ಯೆಯನ್ನು ನೋಡಿ ಮೊದಲು ತಲೆದೂಗಿದವರು ನಮ್ಮ ದೊಡ್ಡಪ್ಪ. ಮಿಲ್ಲಿನಲ್ಲಿ ಮಗ್ಗ ನೋಡಿಕೊಂಡು ಸವೆದ ಜೀವ. ಆ ಪ್ಲಾಸ್ಟಿಕ್ ತೊಟ್ಟಿಗೆ ಅಂಗೈ ಒತ್ತಿ, "ಒಣಗೈತಲ್ಲೋ ಒಳಗೆ, ಇದರಾಗೆ ಎಳೆ ನಿಲ್ಲಂಗಿಲ್ಲ" ಅಂದರು. ಎಳೆಯೆಂದರೆ ನೂಲಿನ ಎಳೆ. ಅವರಿಗೆ ಏಡಿಯೂ ಮಗ್ಗದ ಭಾಷೆಯಲ್ಲೇ ಅರ್ಥವಾಗುವುದು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವನ್ನು ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರನ್ನು ಕೇಳಿ ನೋಡಿ. ಹತ್ತಿಯ ನೂಲು ಒಣ ಗಾಳಿಗೆ ಪೆಡಸಾಗುತ್ತದೆ, ಎಳೆ ಪಟಪಟನೆ ಕಡಿಯುತ್ತದೆ, ನೂಲಿನ ಧೂಳು ಹಾರಿ ಎಲ್ಲದಕ್ಕೂ ಅಂಟುತ್ತದೆ. ಅದಕ್ಕೇ ನೂಲುವ ವಿಭಾಗಕ್ಕೆ ಒಂದು ಹದ, ಮಗ್ಗದ ವಿಭಾಗಕ್ಕೆ ಇನ್ನೂ ಹೆಚ್ಚಿನ ಹದ. ಮಗ್ಗದ ಕೋಣೆಯ ಗಾಳಿಯನ್ನು ಹತ್ತಿರ ಹತ್ತಿರ ಶೇ 80ಕ್ಕೆ ತರಲು ನೀರನ್ನು ಮಂಜಿನಂತೆ ಚಿಮ್ಮಿಸುವ ದೊಡ್ಡ ಯಂತ್ರಗಳೇ ಇರುತ್ತಿದ್ದವು. ಅಂದರೆ ಈ ಏಡಿ ಕೇಳುವ ಸಂಖ್ಯೆಯೇ! 1948ರ ಕಾರ್ಖಾನೆ ಕಾಯ್ದೆಯ 15ನೇ ಸೆಕ್ಷನ್ ಇದ್ದದ್ದೇ ಈ ಕೃತಕ ತೇವಕ್ಕಾಗಿ: ಅದಕ್ಕೆ ಬಳಸುವ ನೀರು ಸಾರ್ವಜನಿಕ ಪೂರೈಕೆಯದ್ದೋ ಕುಡಿಯುವ ನೀರಿನ ಮೂಲದ್ದೋ ಆಗಿರಬೇಕು, ಇಲ್ಲವೇ ಚೆನ್ನಾಗಿ ಶುದ್ಧ ಮಾಡಿದ್ದಿರಬೇಕು ಎನ್ನುತ್ತಿತ್ತು. (ಆ ಧೂಳು, ಆ ಸೆಕೆ ಕುಡಿದ ಕಾರ್ಮಿಕರ ಎದೆಗೂಡಿನ ಕತೆ ಬೇರೆ. ದೊಡ್ಡಪ್ಪನ ಕೆಮ್ಮನ್ನು ರಾತ್ರಿ ಕೇಳಿದವರಿಗೆ ಗೊತ್ತು.) ಒಂದು ಎಳೆ ನೂಲು ಕಡಿಯಬಾರದೆಂದು ಇಡೀ ಕಟ್ಟಡದ ಗಾಳಿಯನ್ನೇ ಹದ ಮಾಡಿದ ಊರು ಇದು. ಎರಡಡಿ ಗಾಜಿನ ಪೆಟ್ಟಿಗೆಯ ಗಾಳಿಯನ್ನು ಹದ ಮಾಡಲು ನಮಗೆ ಬಾರದೇ?

ಬರುತ್ತದೆ. ಕಷ್ಟವೂ ಅಲ್ಲ. ಆದರೆ ಅಂಗಡಿಯವರು ಹೇಳಿಕೊಟ್ಟ ಹಾಗಲ್ಲ.

ದಿನಕ್ಕೆ ನಾಲ್ಕು ಸಲ ಸ್ಪ್ರೇ ಹೊಡೆಯುವುದನ್ನು ಬಿಡಿ. ಹೊಡೆದ ಅರ್ಧ ಗಂಟೆ 90, ಆಮೇಲೆ ಮತ್ತೆ 40. ಏರಿಳಿತವೂ ಒಂದು ಹಿಂಸೆಯೇ. ತೇವ ಬರಬೇಕಾದದ್ದು ತಳದಿಂದ. ಐದು ಪಾಲು ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ, ಅದೇ ನರ್ಸರಿಗಳಲ್ಲಿ ಇಟ್ಟಿಗೆಯಾಕಾರದಲ್ಲಿ ಸಿಗುವ ಕೋಕೋಪೀಟ್, ಬೆರೆಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಚಿಕ್ಕಂದಿನಲ್ಲಿ ಮರಳಿನಲ್ಲಿ ಗುಬ್ಬಿಗೂಡು ಕಟ್ಟುತ್ತಿದ್ದ ಹದ. ಆಳ ಕಡಿಮೆಯೆಂದರೆ 15 ಸೆಂಟಿಮೀಟರ್, ದೊಡ್ಡ ಏಡಿಯಿದ್ದರೆ ಅದರ ಎತ್ತರದ ಮೂರು ಪಟ್ಟು. ಒಳಗೆ ಎರಡು ಬಟ್ಟಲು ನೀರು: ಒಂದು ಸಿಹಿ, ಒಂದು ಉಪ್ಪು. ಎರಡರಲ್ಲೂ ಅದು ಮುಳುಗಬೇಕು, ಹತ್ತಿ ಈಚೆ ಬರಲೂ ಬೇಕು. ಉಪ್ಪು ನೀರಿಗೆ ಅಡುಗೆಮನೆಯ ಅಯೋಡಿನ್ ಉಪ್ಪು ಬೇಡ. ಸಮುದ್ರದ ಮೀನಿನ ತೊಟ್ಟಿಗೆಂದೇ ಬರುವ ಉಪ್ಪು ಬೇಕು. ಸಿಹಿ ನೀರೆಂದರೆ ನಮ್ಮ ನಲ್ಲಿಯ ನೀರಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ನಮ್ಮನ್ನು ಕಾಯುತ್ತದೆ, ಕಿವಿರನ್ನು ಸುಡುತ್ತದೆ. ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣದ ಒಂದೆರಡು ಹನಿ ಹಾಕಿದರೆ ಮುಗಿಯಿತು. ಉಷ್ಣತೆ 24ರಿಂದ 29 ಡಿಗ್ರಿ. ಚಳಿಗಾಲದಲ್ಲಿ ಬಿಸಿ ಮಾಡಲೆಂದು ಮೇಲೆ ಬಲ್ಬು ಉರಿಸಬೇಡಿ. ಗಾಳಿ ಬಿಸಿಯಾದಷ್ಟೂ ಅದೇ ನೀರಿನ ಅಂಶಕ್ಕೆ ತೇವಾಂಶದ ಸಂಖ್ಯೆ ಇಳಿಯುತ್ತದೆ. ಎ.ಸಿ. ಇರುವ ಕೋಣೆಯಲ್ಲಂತೂ ಪೆಟ್ಟಿಗೆ ಇಡಲೇಬೇಡಿ.

ಮಾಪಕವನ್ನೂ ಕಣ್ಣು ಮುಚ್ಚಿ ನಂಬಬಾರದು. ಅಗ್ಗದವು ಹತ್ತು, ಹದಿನೈದು ಅಂಕ ಹೆಚ್ಚುಕಡಿಮೆ ತೋರಿಸುತ್ತವೆ. ಪರೀಕ್ಷೆ ಸುಲಭ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕೆಲವು ಹನಿ ನೀರು ಬಿಟ್ಟು ಮುದ್ದೆಯಂತೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಡಬ್ಬದಲ್ಲಿ ರಾತ್ರಿಯಿಡೀ ಇಡಿ. ಒದ್ದೆ ಉಪ್ಪು ತನ್ನ ಮೇಲಿನ ಗಾಳಿಯನ್ನು ಯಾವಾಗಲೂ ಶೇ 75ಕ್ಕೆ ನಿಲ್ಲಿಸುತ್ತದೆ. ಬೆಳಿಗ್ಗೆ ಮಾಪಕ 68 ತೋರಿಸಿದರೆ ಅದು ಏಳು ಅಂಕ ಕಡಿಮೆ ಹೇಳುತ್ತಿದೆ ಎಂದಾಯಿತು. ಇಲ್ಲಿ ಮಾತ್ರ ಅಡುಗೆಮನೆಯ ಉಪ್ಪು ನಡೆಯುತ್ತದೆ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಬೆಳೆಯುವಾಗ ಈ ಏಡಿ ಹಳೆಯ ಚಿಪ್ಪು ಕಳಚಿ ಹೊಸದು ಕಟ್ಟಿಕೊಳ್ಳಬೇಕು. ಅದಕ್ಕಾಗಿ ಒದ್ದೆ ಮರಳಿನಾಳಕ್ಕೆ ಗವಿ ತೋಡಿ ಇಳಿಯುತ್ತದೆ. ಒಂದು ತಿಂಗಳು, ಎರಡು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮೇಲೆ ಬರುವುದಿಲ್ಲ. ಆಗ ಅದರ ಮೈ ಬೆಣ್ಣೆಯಷ್ಟು ಮೆದು. ಕಳಚಿದ ಚಿಪ್ಪನ್ನು ತಾನೇ ತಿಂದು ಅದರ ಸುಣ್ಣವನ್ನು ಹಿಂದಕ್ಕೆ ಪಡೆಯುತ್ತದೆ. ಮರಳು ಒಣಗಿದ್ದರೆ ಗವಿ ಕುಸಿಯುತ್ತದೆ, ನೀರು ನಿಂತಿದ್ದರೆ ಕೊಳೆಯುತ್ತದೆ. ನಾವೇನು ಮಾಡುತ್ತೇವೆ? ವಾರ ಕಳೆದರೂ ಕಾಣಲಿಲ್ಲವೆಂದು ಚಮಚ ಹಾಕಿ ಅಗೆಯುತ್ತೇವೆ. ಇಲ್ಲವೇ ಮೇಲೆ ಬಿದ್ದ ಖಾಲಿ ಚಿಪ್ಪನ್ನು ಕಂಡು ಸತ್ತಿತೆಂದು ಮರಳು ಸಮೇತ ಚರಂಡಿಗೆ ಸುರಿಯುತ್ತೇವೆ. ಹಾಗೆ ಚೆಲ್ಲಿದ ಮರಳಿನಲ್ಲಿ ಎಷ್ಟು ಜೀವ ಇದ್ದವೋ! ಸತ್ತದ್ದಾದರೆ ಕೊಳೆತ ಮೀನಿನ ವಾಸನೆ ತಾನಾಗಿ ಬರುತ್ತದೆ. ವಾಸನೆ ಇಲ್ಲವೆಂದರೆ ಕೈ ಹಾಕಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ "ಹಾಗಾದರೆ ನಾವೂ ಒಂದು ತಂದು ಚೆನ್ನಾಗಿ ಸಾಕುತ್ತೇವೆ" ಎನ್ನುವವರಿಗೆ ಕೈ ಮುಗಿದು ಹೇಳುತ್ತೇನೆ, ತರಬೇಡಿ. ಇವನ್ನು ಕೋಳಿ ಮರಿಯ ಹಾಗೆ ಫಾರಂನಲ್ಲಿ ಬೆಳೆಸಿ ಮಾರುವವರಿಲ್ಲ. ತಾಯಿ ಏಡಿ ಮೊಟ್ಟೆಯನ್ನು ಕಡಲಿಗೇ ಬಿಡಬೇಕು, ಮರಿ ನೀರಿನಲ್ಲಿ ಹಲವು ರೂಪ ಬದಲಿಸಿ ಕೊನೆಗೆ ಸಣ್ಣ ಶಂಖವೊಂದನ್ನು ಹೊಕ್ಕು ದಡ ಹತ್ತಬೇಕು. ಮನೆಯಲ್ಲಿ ಇದನ್ನು ಮಾಡಿ ಗೆದ್ದವರು ಪ್ರಪಂಚದಲ್ಲೇ ಬೆರಳೆಣಿಕೆ. ಅಂಗಡಿಗೆ ಬಂದ ಒಂದೊಂದೂ ಯಾವುದೋ ತೀರದಿಂದ ಹೆಕ್ಕಿ ತಂದದ್ದು ಎಂದೇ ತಿಳಿಯಿರಿ. ಜಪಾನ್ ತನ್ನ ನೆಲವಾಸಿ ಸನ್ಯಾಸಿ ಏಡಿಗಳನ್ನು 1970ರಲ್ಲೇ ರಾಷ್ಟ್ರೀಯ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. ನಮ್ಮಲ್ಲಿ ಇದೇ ಕುಟುಂಬದ ದೊಡ್ಡಣ್ಣ, ಅಂಡಮಾನ್–ನಿಕೋಬಾರ್‌ನ ತೆಂಗಿನ ಏಡಿಗೆ, ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ತಮ್ಮಂದಿರು ಮಾತ್ರ ಬಣ್ಣ ಬಳಿಸಿಕೊಂಡು ಮಾರಾಟಕ್ಕೆ ಕೂತಿದ್ದಾರೆ.

ರಜೆಯಲ್ಲಿ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋದ ನಮ್ಮ ಮಕ್ಕಳು ನೀರಿನ ಬಾಟಲಿಯಲ್ಲಿ ತುಂಬಿಕೊಂಡು ಬರುವ ನಡೆದಾಡುವ ಶಂಖಗಳ ಮಾತಂತೂ ಇನ್ನೂ ಬೇರೆ. ಅಲೆಯಂಚಿನಲ್ಲಿ ಸಿಗುವ ಅವು ಸಮುದ್ರದ ನೀರನ್ನು ಬಿಟ್ಟಿರಲಾರವು. ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ, ಬಿಸಿಲಿಗೆ ಕಾದ ಬಸ್ಸು, ಬಿಸ್ಲೇರಿ ನೀರು. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಮಗುವಿನ ಕೈಯಲ್ಲಿರುವುದು ಹೆಣ. ಖಾಲಿ ಶಂಖವನ್ನಾದರೂ ತರಬಹುದಲ್ಲ ಎಂದರೆ, ಅದೂ ಯಾರದೋ ಮನೆ. ಈ ಏಡಿಯ ಹಿಂಭಾಗಕ್ಕೆ ಚಿಪ್ಪಿಲ್ಲ, ಸತ್ತ ಬಸವನಹುಳುವಿನ ಶಂಖವೇ ಅದರ ಸೂರು. ದೊಡ್ಡದೊಂದು ಖಾಲಿ ಶಂಖ ಸಿಕ್ಕಾಗ ಏಡಿಗಳು ಗಾತ್ರದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಮೊದಲನೆಯದು ಹೊಸ ಮನೆ ಹೊಕ್ಕ ಕೂಡಲೇ ಎರಡನೆಯದು ಅದರ ಹಳೆಯ ಮನೆಗೆ, ಮೂರನೆಯದು ಎರಡನೆಯದರ ಮನೆಗೆ. ಬಾಡಿಗೆ ಮನೆ ಹುಡುಕಿ ಈ ಬಡಾವಣೆಯ ಬೀದಿಬೀದಿ ಅಲೆದವರಿಗೆ ಆ ಸಾಲಿನ ಬೆಲೆ ಗೊತ್ತಿರಬೇಕು. ಶಂಖ ಸಿಗದವು ಬಾಟಲಿಯ ಮುಚ್ಚಳ ಹೊತ್ತು ನಡೆಯುತ್ತಿವೆ. 2024ರಲ್ಲಿ ಪೋಲೆಂಡಿನ ವಿಜ್ಞಾನಿಗಳು ಜನ ಹಂಚಿಕೊಂಡ ಚಿತ್ರಗಳನ್ನು ಜಾಲಾಡಿ, ಹೀಗೆ ಕಸವನ್ನೇ ಮನೆ ಮಾಡಿಕೊಂಡ 386 ಏಡಿಗಳನ್ನು ಎಣಿಸಿದರು. 2019ರ ಇನ್ನೊಂದು ಅಧ್ಯಯನದ ಅಂದಾಜಿನಂತೆ ಕೋಕೋಸ್ ಮತ್ತು ಹೆಂಡರ್ಸನ್ ದ್ವೀಪಗಳಲ್ಲಿ ಬಾಟಲಿ, ಡಬ್ಬಗಳೊಳಗೆ ಸಿಕ್ಕಿಬಿದ್ದು ಸತ್ತವು ಐದೂವರೆ ಲಕ್ಷಕ್ಕೂ ಹೆಚ್ಚು. ಬಾಗಿಲಿಗೆ ತೋರಣ ಕಟ್ಟಲು ಕೊಂಡ ಶಂಖದ ಸರವನ್ನು ಇನ್ನೊಮ್ಮೆ ನೋಡಿ.

ಕಾನೂನು ಏನನ್ನುತ್ತದೆ ಎಂದು ಕೇಳುವವರಿರುತ್ತಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿಯೆಂದರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ. ಏಡಿಯೂ ಬಂತು. ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತೇ? ಹತ್ತರಿಂದ ಐವತ್ತು ರೂಪಾಯಿ. ಒಂದು ಬೆಣ್ಣೆ ದೋಸೆಗೂ ಸಾಲದು. ಸಾಕುಪ್ರಾಣಿ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕೆಂದು 2018ರ ನಿಯಮ ಹೇಳುತ್ತದೆ. ಮುಂದಿನ ಸಲ ಅಂಗಡಿಗೆ ಹೋದಾಗ ಆ ಪತ್ರ ತೋರಿಸಿ ಎಂದು ಕೇಳಿ. ನಾಲ್ಕು ಜನ ಕೇಳಿದರೆ ಐದನೆಯವರಿಗೆ ಅವರು ಸ್ಪಂಜಿನ ಕತೆ ಹೇಳುವ ಮುಂಚೆ ಯೋಚಿಸುತ್ತಾರೆ. ಐವತ್ತು ರೂಪಾಯಿಯ ಕಾಯ್ದೆಯನ್ನು ಕಾಯುತ್ತ ಕೂರಬೇಡಿ.

ಈಗಾಗಲೇ ತಂದವರು "ಬಿಟ್ಟುಬಿಡೋಣ" ಎಂದು ಕುಂದವಾಡ ಕೆರೆಗೋ ಹರಿಹರದ ಹೊಳೆಗೋ ಒಯ್ಯಬೇಡಿ. ಅದು ಬಿಡುಗಡೆಯಲ್ಲ, ಇನ್ನೊಂದು ಬಗೆಯ ಕೊಲೆ. ಎಲ್ಲಿಂದ ಬಂತೋ ಗೊತ್ತಿಲ್ಲದ್ದನ್ನು ಕಂಡ ಕಡಲಿಗೆ ಬಿಡುವುದೂ ಸರಿಯಲ್ಲ. ತಂದಿರಿ, ಇನ್ನು ಅದು ನಿಮ್ಮದು. ಮಗಳ ಮದುವೆಯಾಗಿ ಮೊಮ್ಮಗು ಶಾಲೆಗೆ ಹೋಗುವವರೆಗೂ ನಿಮ್ಮದು. ಇವತ್ತು ರಾತ್ರಿಯೇ ಮುಚ್ಚಳ ಸರಿಮಾಡಿ, ನಾಳೆ ಮಾಪಕ ತನ್ನಿ, ಭಾನುವಾರ ಮರಳು ಬದಲಿಸಿ. ಮರಳು ಬೆರೆಸುವ ಹದ ತಿಳಿಯದಿದ್ದರೆ ನಮ್ಮ ಮನೆಗೆ ಬನ್ನಿ. ದೊಡ್ಡಪ್ಪ ಜಗಲಿಯಲ್ಲೇ ಕೂತಿರುತ್ತಾರೆ, ಅಂಗೈಯಲ್ಲಿ ಉಂಡೆ ಕಟ್ಟಿ ತೋರಿಸುತ್ತಾರೆ.

ನಮ್ಮಲ್ಲಿ ಉಳಿದ ಆ ಒಂದು ಏಡಿ ಮರಳಿನಡಿಗೆ ಇಳಿದು ಇಂದಿಗೆ ನಲವತ್ತೊಂದು ದಿನ. ಮಾಪಕ 81 ತೋರಿಸುತ್ತಿದೆ. ಮೊಮ್ಮಗಳು ಬೆಂಗಳೂರಿನಿಂದ ದಿನಾ ರಾತ್ರಿ ಫೋನ್ ಮಾಡಿ "ಬಂತಾ ಚಿಕ್ಕಜ್ಜ?" ಎಂದು ಕೇಳುತ್ತಾಳೆ. "ಇಲ್ಲ ಪುಟ್ಟಿ" ಅನ್ನುತ್ತೇನೆ. "ಅಗೆದು ನೋಡಬೇಡ" ಅನ್ನುತ್ತಾಳೆ. ವಾಸನೆ ನೋಡುತ್ತೇನೆ, ಒದ್ದೆ ಮರಳಿನದ್ದಷ್ಟೇ. ಮುಚ್ಚಳ ಹಾಕುತ್ತೇನೆ.