ಮಾತಿನ ಯಂತ್ರವೂ ಕನ್ನಡದ ಎಂ.ಎ.ಯೂ

ಕನ್ನಡ ಎಂ.ಎ. ಮುಗಿಸಿದವರಿಗೆ ಮುಂದೇನು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಮೂರೇ ಉತ್ತರಗಳಿವೆ: ಮೇಷ್ಟರಾಗುವುದು, ಪತ್ರಿಕೆಯೊಂದನ್ನು ಸೇರುವುದು, ಎರಡೂ ಕೈಗೂಡದಿದ್ದರೆ ಊರಿಗೆ ಮರಳಿ ತೋಟ ನೋಡಿಕೊಳ್ಳುವುದು. ಈಚಿನ ವರ್ಷಗಳಲ್ಲಿ ನಾಲ್ಕನೆಯದೊಂದು ಹುಟ್ಟಿಕೊಂಡಿದೆಯೆಂದರೆ ನನ್ನ ಅಧ್ಯಾಪಕ ಮಿತ್ರರೇ ನಂಬಲೊಲ್ಲರು. ಮನುಷ್ಯನ ಮಾತನ್ನು ಕೇಳಿ ಬರೆದುಕೊಳ್ಳುವ, ಬರೆದುದನ್ನು ಓದಿ ಹೇಳುವ ಯಂತ್ರಗಳನ್ನು ಕುರಿತ ಶಾಸ್ತ್ರದಲ್ಲಿ ವೇತನಸಹಿತವಾದ ಡಾಕ್ಟರೇಟ್ ವ್ಯಾಸಂಗಕ್ಕೆ ಅರ್ಜಿ ಹಾಕುವುದೇ ಆ ದಾರಿ. ಅದು ಎಂಜಿನಿಯರುಗಳ ಸೊತ್ತು, ನಮಗೆ ಅಲ್ಲೇನು ಕೆಲಸ ಎಂಬ ಭಾವನೆ ಕನ್ನಡ ವಿಭಾಗಗಳಲ್ಲಿ ಬೇರೂರಿದೆ. ಆ ಭಾವನೆ ಸರಿಯಲ್ಲವೆಂದು ನನಗೆ ತೋರುತ್ತದೆ.

ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜ 'ಶಬ್ದಮಣಿದರ್ಪಣ'ದ ಮೊದಲಿನಲ್ಲಿಯೇ ಶಬ್ದ ಹುಟ್ಟುವ ಬಗೆಯನ್ನು ಹೇಳುತ್ತಾನೆ. ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯಿಂದ, ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಅದು ಜನಿಸುತ್ತದೆಂಬುದು ಅವನ ಮತ. ಸ್ವೀಡನ್ನಿನ ಗುನ್ನಾರ್ ಫಾಂಟ್ 1960ರಲ್ಲಿ ಪ್ರಕಟಿಸಿದ ಗ್ರಂಥವು, ಗಂಟಲಿನಲ್ಲಿ ಹುಟ್ಟಿದ ನಾದ ಬಾಯಿಯೆಂಬ ಕೊಳವೆಯ ಮೂಲಕ ಹಾಯುವಾಗ ಆ ಕೊಳವೆಯ ಆಕಾರಕ್ಕೆ ತಕ್ಕಂತೆ ಬೇರೆ ಬೇರೆ ಸ್ವರವಾಗುತ್ತದೆಂಬುದನ್ನು ಗಣಿತದಿಂದ ವಿವರಿಸಿತು. ಎಲ್ಲವೂ ನಮ್ಮ ಪೂರ್ವಿಕರಿಗೆ ಗೊತ್ತಿತ್ತೆಂದು ಹೇಳುವ ಚಪಲ ನನಗಿಲ್ಲ. ಕಹಳೆಯ ಉಪಮೆಗೂ ಫಾಂಟನ ಸಮೀಕರಣಕ್ಕೂ ಇರುವ ಅಂತರ ಬಹು ದೊಡ್ಡದು. ಆದರೆ ಮಾತು ಹೇಗೆ ಹುಟ್ಟುತ್ತದೆಂಬ ಪ್ರಶ್ನೆ ವ್ಯಾಕರಣದ ಮನೆಯದು. ಅದನ್ನು ಪರೀಕ್ಷೆಯ ಎರಡು ಅಂಕದ ಟಿಪ್ಪಣಿಯಾಗಿ ಇಳಿಸಿದವರು ನಾವು.

ಇನ್ನು ನಮ್ಮ ಸೀಮೆಯ ಮಾತಿಗೆ ಬರೋಣ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಸುತ್ತಲ ಹವ್ಯಕರ ಮನೆಗಳಲ್ಲಿ 'ದುಡ್ಡು ಇಲ್ಲೆ' ಎಂದರೆ ದುಡ್ಡು ಇಲ್ಲವೆಂದೇ ಅರ್ಥ. ಪುಸ್ತಕದ ಕನ್ನಡವನ್ನಷ್ಟೇ ಕಲಿತ ಯಂತ್ರ ಅದನ್ನು 'ದುಡ್ಡು ಇಲ್ಲೇ' ಎಂದು ಬರೆದುಕೊಂಡರೆ, ಇಲ್ಲದ ದುಡ್ಡು ಕಣ್ಣೆದುರಿಗೇ ಇದ್ದಂತಾಯಿತು! 'ಆನು ಹೋಗ್ತಿ' ಎಂದು ಇಲ್ಲಿಯವರು ತಮ್ಮ ವಿಚಾರವಾಗಿ ಹೇಳುತ್ತಾರೆ. ಬಯಲುಸೀಮೆಯ ಕಿವಿಗೆ 'ಹೋಗ್ತಿ' ಎಂಬುದು ಎದುರಿಗಿದ್ದವನನ್ನು ಕುರಿತದ್ದು. 'ಆಯಿ ಬಂತು' ಎಂದು ತಾಯಿಯನ್ನು ಕುರಿತು ಆಡುವಾಗ ಅಗೌರವದ ಲವಲೇಶವೂ ಇಲ್ಲ. ಸ್ತ್ರೀಯರ ವಿಷಯದಲ್ಲಿ ನಪುಂಸಕದ ಕ್ರಿಯಾಪದ ಬಳಸುವುದು ಆ ಭಾಷೆಯ ನಿಯಮ. ಶಾಲೆಯಲ್ಲಿ ಮೇಷ್ಟರು ಇದನ್ನು ಕೆಂಪು ಶಾಯಿಯಿಂದ ತಿದ್ದಿದರು, ಈಗ ಯಂತ್ರವೂ ತಿದ್ದತೊಡಗಿದೆ. ಅಡಿಕೆಯ ಪೇಟೆಗೆ ಹೋದರೆ ತೊಡಕು ಇನ್ನೂ ಹೆಚ್ಚು. ಸೊಪ್ಪಿನ ಬೆಟ್ಟ ಬೇರೆ, ಬೆಟ್ಟೆ ಅಡಿಕೆ ಬೇರೆ. ರಾಶಿ ಎಂದರೆ ಗುಡ್ಡೆಯೂ ಹೌದು, ಅಡಿಕೆಯ ಒಂದು ಜಾತಿಯೂ ಹೌದು. ಬಿಳೆಗೋಟು, ಕೆಂಪುಗೋಟು, ಚಾಲಿ, ಇವುಗಳ ದರವನ್ನು ದೂರವಾಣಿಯಲ್ಲಿ ಬಾಯಿಮಾತಿನಿಂದ ಕೇಳಿದ ಕೃಷಿಕನಿಗೆ ಯಂತ್ರ ಒಂದರ ಬದಲು ಇನ್ನೊಂದರ ಬೆಲೆ ಹೇಳಿದರೆ ನಷ್ಟ ಅವನದೇ.

ಇದೇ ತಾಲ್ಲೂಕುಗಳಲ್ಲಿ ನಾಮಧಾರಿಗಳ ಕನ್ನಡವಿದೆ, ಯಲ್ಲಾಪುರದ ಸಿದ್ದಿಗಳ ಕೊಂಕಣಿಯಿದೆ, ಗೌಳಿಗರ ಮರಾಠಿಯಿದೆ. ಹವ್ಯಕ ಭಾಷೆಗಾದರೂ ಡಿ. ಎನ್. ಶಂಕರ ಭಟ್ಟರು ಬರೆದ ವ್ಯಾಕರಣವೊಂದು 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. ಉಳಿದವರ ಮಾತನ್ನು ಯಂತ್ರ ಅರಿಯಬೇಕಾದರೆ ಮೊದಲು ಯಾರಾದರೊಬ್ಬರು ಅವರ ಜಗುಲಿಯ ಮೇಲೆ ಕುಳಿತು ಕಿವಿಗೊಡಬೇಕು.

ಕೆಲಸ ನಡೆದೇ ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರು ಕನ್ನಡವನ್ನು ಓದಿ ಹೇಳುವ, ಮುದ್ರಿತ ಅಕ್ಷರವನ್ನು ಗುರುತಿಸುವ ತಂತ್ರಗಳಿಗೆ ವರ್ಷಗಟ್ಟಲೆ ದುಡಿದರು. ಅದೇ ಸಂಸ್ಥೆಯ 'ರೆಸ್ಪಿನ್' ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಕೃಷಿ ಮತ್ತು ಹಣಕಾಸಿನ ಮಾತನ್ನು ಪ್ರಾದೇಶಿಕ ಭೇದಸಹಿತ ಸಂಗ್ರಹಿಸಿತು. ಆರ್ಟ್‌ಪಾರ್ಕ್ ಮತ್ತು ಗೂಗಲ್ ಜೊತೆಗೂಡಿದ 'ವಾಣಿ' ಯೋಜನೆ ಜನರ ಕೈಗೆ ಚಿತ್ರ ಕೊಟ್ಟು, ಅದನ್ನು ಕುರಿತು ಅವರಿಗೆ ತೋಚಿದ್ದನ್ನು ಅವರ ಮಾತಿನಲ್ಲಿಯೇ ಆಡಿಸುತ್ತದೆ. ಕೇಂದ್ರ ಸರ್ಕಾರದ 'ಭಾಷಿಣಿ' 2022ರಲ್ಲಿ ಪ್ರಾರಂಭವಾಯಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವಂತೂ 1969ರಿಂದಲೂ ಇದೆ.

ಈ ಎಲ್ಲ ಉದ್ಯಮದಲ್ಲಿ ನಮ್ಮ ಪಾಲು ಯಾವುದು? ದನಿ ಕೊಡುವುದು ಮತ್ತು ಅದನ್ನು ಬರೆದು ಕೊಡುವುದು. ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆದು ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸುವ ಕೆಲಸಕ್ಕೆ ಕನ್ನಡ ಪದವೀಧರರು ಬೇಕು. ಏನನ್ನು ಸಂಗ್ರಹಿಸಬೇಕು, ಯಾವುದು ತಪ್ಪು, ಯಾವುದು ಸರಿ ಎಂದು ತೀರ್ಮಾನಿಸುವ ಸಂಶೋಧಕನ ಪೀಠ ಮಾತ್ರ ಬೇರೆಯವರಿಗೆ. ಕೊನೆಗೌಡ ಮರ ಹತ್ತುತ್ತಾನೆ, ದರ ಕಟ್ಟುವವರು ಪೇಟೆಯಲ್ಲಿರುತ್ತಾರೆ, ಇದೂ ಹಾಗೆಯೇ.

ವೇತನದ ಮಾತು ಬಂದಾಗ ಮುಜುಗರಪಡಬೇಕಾಗಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ ಕಿರಿಯ ಸಂಶೋಧನ ವೇತನವನ್ನು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿಸಿದರು. ಅದಕ್ಕೆ ಕನ್ನಡದವರೂ ಅರ್ಹರು. ಪ್ರಧಾನ ಮಂತ್ರಿಗಳ ಹೆಸರಿನ ಸಂಶೋಧನ ವೇತನ 2018ರಲ್ಲಿ ಆರಂಭವಾದಾಗ ಮೊದಲೆರಡು ವರ್ಷ ತಿಂಗಳಿಗೆ 70,000 ರೂಪಾಯಿ ಇತ್ತು. ಅದು ವಿಜ್ಞಾನ ತಂತ್ರಜ್ಞಾನದವರಿಗಾಗಿಯೇ ಇರುವಂಥದು. ಒಂದೇ ಮಾತನ್ನು ಓದುವ ಇಬ್ಬರು ತರುಣರ ನಡುವೆ ಇಷ್ಟು ಅಂತರವೇಕೆಂದು ಕೇಳುವ ಹಕ್ಕು ನಮಗಿದೆ. ಹೊರದೇಶಗಳಲ್ಲಿ ಈ ಗೋಡೆ ಇಷ್ಟು ಎತ್ತರವಾಗಿಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಸ್ಥಾಪಿತವಾದ ವಾಕ್‌ತಂತ್ರಜ್ಞಾನದ ಕೇಂದ್ರ ಭಾಷಾವಿಜ್ಞಾನವನ್ನೂ ಗಣಕವಿಜ್ಞಾನವನ್ನೂ ಒಂದೇ ಚಾವಣಿಯಡಿ ತಂದಿತು. ಶೆಫೀಲ್ಡಿನಲ್ಲಿ 2019ರಲ್ಲಿ ಮೊದಲಾದ ಡಾಕ್ಟರೇಟ್ ತರಬೇತಿಯ ಕೇಂದ್ರ ವಿದ್ಯಾರ್ಥಿಗಳಿಗೆ ನಾಲ್ಕು ವರ್ಷಗಳ ಶುಲ್ಕವನ್ನೂ ಜೀವನವೇತನವನ್ನೂ ಒದಗಿಸಿ ತಂಡವಾಗಿ ಕಲಿಸಿತು. ನಮ್ಮಲ್ಲಿ ಧಾರವಾಡದ ಅಥವಾ ಮೈಸೂರಿನ ಕನ್ನಡ ವಿಭಾಗದ ಮಾರ್ಗದರ್ಶಕರೊಬ್ಬರು, ಎಂಜಿನಿಯರಿಂಗ್ ವಿಭಾಗದ ಮಾರ್ಗದರ್ಶಕರೊಬ್ಬರು ಕೂಡಿ ಒಬ್ಬ ವಿದ್ಯಾರ್ಥಿಯನ್ನು ತೆಗೆದುಕೊಂಡು, ಮೊದಲ ವರ್ಷವನ್ನು ಗಣಿತಕ್ಕೂ ಗಣಕಕ್ಕೂ ಮೀಸಲಿಟ್ಟರೆ ಆಕಾಶವೇನೂ ಕಳಚಿ ಬೀಳದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಹೆಗ್ಗರಣೆಯ ಕಡೆಯ ತೋಟದ ಮನೆಯವಳು, ಇಂಥದೊಂದು ಪ್ರಕಟಣೆಯನ್ನು ತಂದು ತೋರಿಸಿದಳು. ಆಕೆ ಅತಿಥಿ ಉಪನ್ಯಾಸಕಿ. ಕೊಳೆರೋಗ ಬಂದ ವರ್ಷ ಮನೆಯ ಲೆಕ್ಕವೆಲ್ಲ ಏರುಪೇರಾಗುವುದನ್ನು ಕಂಡವಳು. "ಸರ್, ನನ್ನ ಗಣಿತ ಎಸ್ಸೆಸ್ಸೆಲ್ಸಿಗೇ ಮುಗೀತು. ಇದಕ್ಕೆ ಅರ್ಜಿ ಹಾಕಿದರೆ ನಗುತ್ತಾರೆ" ಎಂದಳು. "ನೀನು ಹಾಕಮ್ಮ. ಬೇಡ ಅನ್ನುವ ಕೆಲಸ ಅವರದು, ಅದನ್ನೂ ನೀನೇ ಯಾಕೆ ಮಾಡ್ತೀ?" ಎಂದೆ. ಗಣಿತ ಬೇಡವೆಂದು ಅವಳಿಗೆ ಸುಳ್ಳು ಧೈರ್ಯ ಹೇಳಲಿಲ್ಲ. ಸಂಭಾವ್ಯತೆಯ ಗಣಿತವಿಲ್ಲದೆ ಆ ಶಾಸ್ತ್ರದ ಹೊಸ್ತಿಲನ್ನೂ ದಾಟಲಾಗದು. ಆಕೆ ಈಗ ರಾತ್ರಿಯ ಹೊತ್ತು ಪಿ.ಯು. ಪುಸ್ತಕದಿಂದ ಅದನ್ನು ಮೊದಲಿನಿಂದ ಓದುತ್ತಿದ್ದಾಳೆ. ನಮ್ಮ ಪಠ್ಯಕ್ರಮದಲ್ಲಿ ಛಂದಸ್ಸಿನ ಪ್ರಸ್ತಾರ ಬಿಡಿಸುವ ಮಕ್ಕಳು ಲೆಕ್ಕಕ್ಕೆ ಹೆದರುವುದು ನನಗಂತೂ ಸೋಜಿಗ. ಲಘು ಗುರುಗಳ ಪ್ರಸ್ತಾರವೂ ಒಂದು ಬಗೆಯ ಗಣಿತವೇ ತಾನೆ!

ಆದರೆ ಆಕೆಯ ಬಳಿ ಎಂಜಿನಿಯರನ ಬಳಿ ಇಲ್ಲದ ಸಾಮಗ್ರಿಯೊಂದಿತ್ತು. ತನ್ನ ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಆಡಿದ ಹಾಗೆಯೇ ಒಂದು ಸಾಲು, ಶಿಷ್ಟ ಕನ್ನಡದಲ್ಲಿ ಅದರ ಕೆಳಗೊಂದು, ಯಂತ್ರ ಕೇಳಿ ಬರೆದದ್ದು ಮೂರನೆಯದು ಎಂದು ನೋಟು ಪುಸ್ತಕದಲ್ಲಿ ಜೋಡಿಸಿಟ್ಟಿದ್ದಳು. ಮೂರನೆಯ ಸಾಲು ಎಲ್ಲೆಲ್ಲಿ ಎಡವಿದೆಯೋ ಅಲ್ಲೆಲ್ಲ ಹವ್ಯಕ ವ್ಯಾಕರಣದ ಒಂದು ನಿಯಮ ಕುಳಿತಿತ್ತು. ಒಬ್ಬ ಸಂಶೋಧಕನಿಗೆ ಇದಕ್ಕಿಂತ ಒಳ್ಳೆಯ ಆರಂಭ ಯಾವುದು?

ಅರ್ಜಿಯ ಜೊತೆಗೆ ಎರಡು ಪುಟಗಳ ಸಂಶೋಧನ ಪ್ರಸ್ತಾವನೆ ಬೇಕಾಗಿತ್ತು. ಕನ್ನಡಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ ಎಂದು ಆಕೆ ಮೊದಲು ಮಾಡಿದ್ದಳು. ನಾವು ಕಲಿಸಿದ್ದೇ ಹಾಗೆ. ಆ ಇಡೀ ಪರಿಚ್ಛೇದವನ್ನು ಹೊಡೆದುಹಾಕಿ 'ಇಲ್ಲೆ' ಎಂಬ ಒಂದು ಪದದಿಂದ ಪ್ರಾರಂಭಿಸು ಎಂದೆ. ಹಾಗೆಯೇ ಬರೆದು ತಂದಿದ್ದಾಳೆ. ಅರ್ಜಿಗೆ ತಿಂಗಳ ಕೊನೆಯ ದಿನ ಗಡುವು.