ಗಾರ್ಡ್ ಬಿಚ್ಚಬೇಡ್ರಪ್ಪಾ!

ನಾಸಿಕ್‌ಗೆ ಬಂದು ಇಪ್ಪತ್ತೆರಡು ವರ್ಷ. ಇಲ್ಲಿನ ಸಾತ್‌ಪುರವಿರಲಿ, ಸಂಭಾಜಿನಗರದ ವಾಳೂಜ್ ಇರಲಿ, ಫಿಟರ್‌ನ ಚೀಲ ತೆಗೆದರೆ ನಾಲ್ಕಿಂಚಿನ ಗ್ರೈಂಡರ್. ಮೊನ್ನೆ ನಮ್ಮನೆ ಸಿಂಕ್ ಕೆಳಗಿನ ಜಿಐ ಪೈಪ್ ಕತ್ತರಿಸಲು ಬಂದ ಹುಡುಗನೂ, ಪಾಪ, ಇಂಡಿ ಕಡೆಯವನು, ಅದನ್ನೇ ತೆಗೆದ. ಒಳಗೆ ಹೋಗಲಿಲ್ಲ. ಏನು ಮಾಡಿದ ಗೊತ್ತೇ? ಗಾರ್ಡ್ ಬಿಚ್ಚಿಟ್ಟ! ನಾನು ಪ್ಲಗ್ ಕಿತ್ತೆ.

"ಯಾಕ್ರೀ ಕಾಕಾ? ಮಾಲಕ್ರು ಹಿಂಗ ಮಾಡಂತಾರ್ರೀ."

ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ಡಿಸ್ಕ್ ಸಂದಿಯಲ್ಲಿ ಸಿಕ್ಕಿಕೊಂಡರೆ ಗ್ರೈಂಡರ್ ಎಗರುತ್ತೆ. ಅಲ್ಲಿ ಕೈ ಎಳೆದುಕೊಳ್ಳಲೂ ಜಾಗವಿಲ್ಲ. ಡಿಸ್ಕ್ ಒಡೆದರೆ ಚೂರು ಮುಖಕ್ಕೇ.

ಇಂಥ ಕಡೆಗೆಂದೇ ಆಸಿಲೇಟಿಂಗ್ ಮಲ್ಟಿಟೂಲ್ ಇದೆ ಸ್ವಾಮಿ. ಅದರ ಬ್ಲೇಡ್ ತಿರುಗಲ್ಲ, ಮೂರು ಡಿಗ್ರಿಯಷ್ಟು ಅತ್ತಿತ್ತ ಅದುರುತ್ತೆ, ಅಷ್ಟೇ. ಮೂಳೆವೈದ್ಯ ಹೋಮರ್ ಸ್ಟ್ರೈಕರ್ 1940ರ ದಶಕದಲ್ಲಿ ಮಾಡಿದ ಪ್ಲಾಸ್ಟರ್ ಕತ್ತರಿಸುವ ಗರಗಸದ್ದೂ ಇದೇ ತತ್ವ. (ಹಾಗಂತ ಬೆರಳು ಕೊಟ್ಟು ನೋಡಬೇಡಿ!) ಪೈಪಿಗೆ, ಮೊಳೆಗೆ ಕಾರ್ಬೈಡ್ ಬ್ಲೇಡ್ ಬೇಕು. ನಿಧಾನ, ಒಪ್ಪಿದೆ. ಬ್ಲೇಡ್ ದುಬಾರಿ, ಅದೂ ಒಪ್ಪಿದೆ. ಆದರೆ "ಟೈಮ್ ವೇಸ್ಟ್" ಅನ್ನೋ ನಮ್ಮ ಕನ್ನಡದ ಕಂತ್ರಾಟುದಾರರೇ, ಆ ಹುಡುಗನ ಬೆರಳಿಗೆ ಎಷ್ಟು ರೇಟು ಹಾಕಿದ್ದೀರಿ?

ಕೊನೆಗೆ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿಕೊಂಡು ಕತ್ತರಿಸಿದ. ಅರ್ಧ ಗಂಟೆ ಹಿಡೀತು. ಚಹಾ ಕುಡಿದು ಹೋದ.